ನೂರು ತೊಲೆಗಳಲ್ಲಿ ಒಬ್ಬ ಆಚಾರಿ

ಬಹಳ ಹಿಂದೆ, ಕಡಲಿಗೆ ಉಪ್ಪು ಹಾಕಿದವರು ಯಾರೆಂದು ಜನ ಇನ್ನೂ ಜಗಳಾಡುತ್ತಿದ್ದ ಕಾಲದಲ್ಲಿ, ಅಳಿವೆಪುರವೆಂಬ ರಾಜ್ಯವಿತ್ತು. ಅಲ್ಲಿ ದೋಣಿ ಕಟ್ಟುವುದನ್ನು ಕಲಿಸುವ ಶಾಲೆಯಿತ್ತು. ಗುರು ಮಾಬ್ಲ ಆಚಾರಿ ಮಹಾ ಸಿಡುಕ. ತಪ್ಪು ಕಂಡರೆ ಸುಮ್ಮನಿರುವ ಪೈಕಿಯೇ ಅಲ್ಲ. ತಪ್ಪಿಲ್ಲದ ಕೆಲಸಕ್ಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಹನ್ನೆರಡು ಮಂದಿ ಕಲಿಯುವವರಲ್ಲಿ ಹೆಚ್ಚು ಬೈಸಿಕೊಳ್ಳುತ್ತಿದ್ದವಳು ಹೊನ್ನಿ. ಮರದ ನಾರು ಒಂದು ಕಡೆಗೆ ಓಡಿದರೆ ಮರ ಹೆರೆಯುವ ಇವಳ ಹತ್ತರಿ ಇನ್ನೊಂದು ಕಡೆಗೆ. ಹಲಗೆಯೆಲ್ಲ ಸಿಬಿರು ಸಿಬಿರು.

"ಎದುರು ನಾರಿಗೆ ಹತ್ತರಿ ಹಾಕಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದೇ?" ಎಂದು ಆಚಾರಿ ದಿನಾ ಗುಡುಗುತ್ತಿದ್ದ.

ಒಂದು ದಿನ ಕರಿದ್ವೀಪದ ಮಾಯಾವಿ ಕುಂಭಾಕ್ಷ ಬಂದು, "ನನಗೊಂದು ಹಾರುವ ಹಡಗು ಕಟ್ಟಿಕೊಡು" ಎಂದ.

"ನೀರಿಗಿಳಿಯದ್ದನ್ನು ನಾನು ಕಟ್ಟೋದಿಲ್ಲ. ನಡಿ ಆಚೆ" ಎಂದ ಆಚಾರಿ.

ಮಾಯಾವಿಗೆ ಮೈಯೆಲ್ಲ ಉರಿಯಿತು. ಆಚಾರಿಯನ್ನು ಹಲಸಿನ ತೊಲೆ ಮಾಡಿ ಹೆಗಲಿಗೇರಿಸಿದ. "ನಿಮ್ಮಲ್ಲಿ ಯಾರಾದರೂ ಏಳು ದಿನದೊಳಗೆ ನನ್ನ ದ್ವೀಪಕ್ಕೆ ಬಂದು ಇವನನ್ನು ಗುರುತಿಸಿದರೆ ನನ್ನ ಮಾಯೆಯೆಲ್ಲ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಇವನು ನನ್ನ ಒಲೆಗೆ ಸೌದೆ" ಎಂದು ಹೇಳಿ ಹೋದ.

ಬೈಯುವವರಿಲ್ಲದ ಶಾಲೆ ಬಿಕೋ ಎನ್ನುತ್ತಿತ್ತು. ಹೊನ್ನಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎಲ್ಲರ ಜೊತೆ ಕೆಲಸಕ್ಕೆ ಕೂತಳು. ಆಚಾರಿ ಕಲಿಸಿದಂತೆ ಒಂದು ಮೊಳೆಯನ್ನೂ ಹೊಡೆಯದೆ, ಹಲಗೆಗೆ ತೂತು ಕೊರೆದು, ತೆಂಗಿನ ಹುರಿಯಿಂದ ಹೊಲಿದು, ಆರೇ ದಿನದಲ್ಲಿ ದೋಣಿ ಮುಗಿಸಿದರು. ಏಳನೆಯ ಬೆಳಗ್ಗೆ ಕಡಲಿಗೆ ಇಳಿಸಿದರು.

ಮೊದಲು ಎದುರಾದದ್ದು ಹಡಗುಗಳ ಮೊಳೆ ಕಿತ್ತು ತಿನ್ನುವ ಮೊಸಳೆ. ಮೂರು ಸುತ್ತು ಮೂಸಿತು. ಮೊಳೆ ಇದ್ದರೆ ತಾನೇ? ಹಸಿದುಕೊಂಡೇ ಹೋಯಿತು.

ಆಮೇಲೆ ಬಾಲ ಬಡಿದು ಹಡಗು ಒಡೆಯುವ ತಿಮಿಂಗಿಲ ಬಂತು. ಹೊಲಿದ ದೋಣಿ ಬಳುಕಿತು, ಮುರಿಯಲಿಲ್ಲ. ಬಡಿದೂ ಬಡಿದೂ ತಿಮಿಂಗಿಲಕ್ಕೇ ಸುಸ್ತಾಯಿತು.

ಮೂರನೆಯದು ದ್ವೀಪದಲ್ಲಿ ಕಾದಿತ್ತು. ನೂರು ಹಲಸಿನ ತೊಲೆಗಳು. ಒಂದೇ ಬಣ್ಣ, ಒಂದೇ ವಾಸನೆ.

"ಒಂದನ್ನೇ ಆರಿಸಬೇಕು. ಹೊತ್ತು ಮುಳುಗಿದರೆ ಒಲೆ ಹಚ್ಚುತ್ತೇನೆ" ಎಂದು ನಕ್ಕ ಕುಂಭಾಕ್ಷ.

ಎಲ್ಲರೂ ತಟ್ಟಿ ನೋಡಿದರು, "ಆಚಾರ್ರೇ, ಆಚಾರ್ರೇ" ಎಂದು ಕರೆದರು. ಒಂದು ತೊಲೆಯೂ ಮಿಸುಕಲಿಲ್ಲ. ಸೂರ್ಯ ನೀರಿಗೆ ತಾಗುವಷ್ಟು ಇಳಿದಿದ್ದ. ಆಗ ಹೊನ್ನಿ ತನ್ನ ಹತ್ತರಿ ತೆಗೆದು, ಮೊದಲ ತೊಲೆಗೆ ಎದುರು ನಾರಿಗೆ ಇಟ್ಟಳು.

"ಏನೇ ಇದು? ಇವತ್ತೂ ತಪ್ಪಾ?" ಎಂದ ಜೊತೆಯವನು ದ್ಯಾಮ.

"ನನಗೆ ಚೆನ್ನಾಗಿ ಬರೋದು ಇದೊಂದೇ" ಎಂದಳು ಹೊನ್ನಿ.

ಎರಡನೆಯ ತೊಲೆ, ಹತ್ತನೆಯ ತೊಲೆ, ಐವತ್ತನೆಯ ತೊಲೆ. ಎಪ್ಪತ್ತಮೂರನೆಯದಕ್ಕೆ ಹತ್ತರಿ ಮುಟ್ಟಿದ್ದೇ ತಡ, ತೊಲೆ ಗುಡುಗಿತು: "ಎದುರು ನಾರಿಗೆ ಹಾಕಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದೇ?"

"ಇವರೇ ನಮ್ಮ ಆಚಾರ್ರು" ಎಂದಳು ಹೊನ್ನಿ.

ತೊಲೆಯ ಮರ ಸಿಪ್ಪೆಯಂತೆ ಕಳಚಿಬಿತ್ತು. ಆಚಾರಿ ಮೈ ಕೊಡವಿಕೊಂಡು ಎದ್ದ. ಕುಂಭಾಕ್ಷನ ಮಾಯೆ ಹೊಗೆಯಾಗಿ ಹೋಗಿ, ಅವನು ಬರೀ ಮನುಷ್ಯನಾಗಿ ನಿಂತ. ಅವನನ್ನು ಶಾಲೆಗೆ ಕರೆತಂದು ಹುರಿ ಹೊಸೆಯಲು ಕೂರಿಸಿದರು. ಅಳಿವೆಪುರದ ದಂಡೆಯಲ್ಲಿ ರಾಜನೇ ನಿಂತು ನಗಾರಿ ಬಾರಿಸಿದ.

ಆಚಾರಿ ಮಾತ್ರ ದೋಣಿಯ ಸುತ್ತ ನಡೆದ. ಒಂದೊಂದು ಹೊಲಿಗೆಯನ್ನೂ ಬೆರಳಿಂದ ಸವರಿದ. ಹನ್ನೆರಡು ಮಂದಿ ಉಸಿರು ಬಿಗಿಹಿಡಿದು ನಿಂತರು. ಆಚಾರಿ ಒಂದು ಮಾತೂ ಆಡಲಿಲ್ಲ. ಹೊನ್ನಿಗೆ ಸಂತೋಷಕ್ಕೆ ಕಣ್ಣು ತುಂಬಿತು.

ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಹೊನ್ನಿಯೂ ಸುಖವಾಗಿದ್ದಳು, ಮಾರನೆಯ ಬೆಳಗ್ಗೆಯೇ ಬೈಸಿಕೊಂಡು.