ಆಯುಧಪೂಜೆಗೆ ಹಾಕಿದ ಹೊಸ ವರ್ಷನ್

"ಯಾರ್ರೀ ನೀವು? ನನ್ನ ಕುರ್ಚೀಲಿ ಯಾಕೆ ಕೂತಿದ್ದೀರ?"

ರಂಜಿತ ಕೇಳಿದ ಧಾಟಿಗೆ ಕುರ್ಚಿಯಲ್ಲಿದ್ದವನು ಗಡಬಡಿಸಿ ಎದ್ದು ನಿಂತ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಮುಖವೆಲ್ಲ ಬೆವರು. ಅವನ ಹಿಂದೆ ಕಂಪ್ಯೂಟರಿನ ನೆತ್ತಿಯ ಮೇಲೆ ವಿಭೂತಿ, ನಡುವೆ ಕುಂಕುಮ, ಒಂದು ಒಣಗಿದ ಚೆಂಡುಹೂವು. ದಸರಾ ಮುಗಿದು ವಾರ ಕಳೆದಿದ್ದರೂ ಯಾರೂ ಅದನ್ನು ಒರೆಸಿರಲಿಲ್ಲ.

ಅದು ಎರಡು ಸಾವಿರದ ಎರಡನೇ ಇಸವಿ. ಹೋಳೂರಿನ ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳುಗಳು ಮೊಟ್ಟೆಯಿಂದ ಹೊರಬಂದ ಮೇಲೆ ಒಂದು ವಾರ ಅವನ್ನು ಎಳೆಮಕ್ಕಳಂತೆ ಸಾಕಿ, ಆಮೇಲೆ ರೈತರ ಕೈಗೆ ಕೊಡುವ ಜಾಗ. ಯಾರ ತೋಟದ ಹಿಪ್ಪುನೇರಳೆ ಸೊಪ್ಪು ಯಾವಾಗ ಕೊಯ್ಲಿಗೆ ಬರುತ್ತದೆಂದು ನೋಡಿ, ಯಾರು ಯಾವ ದಿನ ಹುಳು ಒಯ್ಯಬೇಕೆಂದು ಚೀಟಿ ಕೊಡುತ್ತಿದ್ದದ್ದು ರಂಜಿತ ಬರೆದ ಪ್ರೋಗ್ರಾಮು. ಅಂದು ಬೆಳಿಗ್ಗೆ ಹಾಲಿನ ವ್ಯಾನಿನಲ್ಲಿ ಹಳ್ಳಿಹಳ್ಳಿಗೆ ಚೀಟಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಹೋಬಳಿ ಗೇಟಿನ ಮುಂದೆ ಬಂದು ನಿಂತಿತ್ತು.

ಎಲ್ಲ ಚೀಟಿಯಲ್ಲೂ ಒಂದೇ ತಾರೀಕು. ಆ ದಿನದ್ದೇ!

ಹುಳು ಇದ್ದದ್ದು ನಾಲ್ಕಾರು ಮನೆಗಾಗುವಷ್ಟು. ಹೊರಗೆ ತಟ್ಟೆ ಹಿಡಿದು ನಿಂತವರು ಕನ್ನಡದಲ್ಲೂ ತೆಲುಗಿನಲ್ಲೂ ಬೈಯುತ್ತಿದ್ದರು. ಯಲ್ದೂರಿನ ಸೋದರತ್ತೆಯ ಮನೆಯಲ್ಲಿ ಹಬ್ಬ ಮುಗಿಸಿ ಬಸ್ಸಿಳಿದ ರಂಜಿತ, ಆ ಬೈಗುಳದ ನಡುವೆ ದಾರಿ ಮಾಡಿಕೊಂಡೇ ಒಳಗೆ ಬಂದಿದ್ದಳು.

ಕುರ್ಚಿಯವನ ಹೆಸರು ವೇಣುಗೋಪಾಲ್, ಊರು ಮುಳಬಾಗಿಲು. ಅವಳು ಊರಲ್ಲಿಲ್ಲದಾಗ, ಕೇಂದ್ರ ನಡೆಸುವ ರೈತರ ಸಂಘದವರು ನೇಮಿಸಿದ್ದ ಹೊಸ ಕಂಪ್ಯೂಟರ್ ಸಹಾಯಕ. ಅದನ್ನು ಅವನು ತೊದಲುತ್ತಾ ಹೇಳಿ ಮುಗಿಸುವಷ್ಟರಲ್ಲಿ ರಂಜಿತಳ ತಾಳ್ಮೆ ಮುಗಿದಿತ್ತು.

"ಅದೆಲ್ಲ ಆಮೇಲೆ. ನನ್ನ ಕಂಪ್ಯೂಟರಿಗೆ ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ... ಆಯುಧಪೂಜೆ ಅಲ್ವಾ, ಎಲ್ರೂ ಮಚ್ಚು, ಕುಡುಗೋಲು, ಸೊಪ್ಪು ಕತ್ತರಿಸೋ ಮಿಷನ್ನು ತೊಳೆದು ಎಣ್ಣೆ ಹಚ್ತಿದ್ರು. ಕಂಪ್ಯೂಟರ್ ತೊಳೆಯೋಕಾಗಲ್ಲ. ಅದಕ್ಕೇ ಹಳೇ ಪಿಎಚ್‌ಪಿ ತೆಗೆದು ಹೊಸ ವರ್ಷನ್ ಹಾಕ್ದೆ."

ರಂಜಿತ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

ಪಿಎಚ್‌ಪಿ ಅವಳ ಪ್ರೋಗ್ರಾಮಿನ ಭಾಷೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಲೋಕದ ಯಾವ್ಯಾವುದೋ ಮೂಲೆಯ ಜನ ಸೇರಿ ಬರೆದು, ರಿಪೇರಿ ಮಾಡಿ, ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟ ಭಾಷೆ. ಕೋಲಾರದಲ್ಲಿ ಕೊಂಡ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ಅವಳು ಅದನ್ನು ತಾನೇ ಕಲಿತಿದ್ದಳು. ಹೇಳಿಕೊಟ್ಟವರಿಲ್ಲ, ಬೆನ್ನು ತಟ್ಟಿದವರಂತೂ ಇಲ್ಲವೇ ಇಲ್ಲ.

"ತೊಳೆಯೋದು ಅಂದ್ರೆ ಹೀಗೇನ್ರೀ? ನನ್ನ ಒಂದು ಮಾತು ಕೇಳಬಾರದಿತ್ತಾ?"

"ಚಿಕ್ಕ ರಿಪೇರಿ ಅಂದ್ಕೊಂಡೆ. ನಾಲ್ಕು ಪಾಯಿಂಟ್ ಒಂದು ಇದ್ದಿದ್ದು ನಾಲ್ಕು ಪಾಯಿಂಟ್ ಎರಡು ಆಯ್ತು, ಅಷ್ಟೇ..."

"ಅಷ್ಟೇ ಅಂತೆ, ಅಷ್ಟೇ! ಹೋಗಿ ಹೊರಗಿನೋರಿಗೆ ಹೇಳಿ ಬನ್ನಿ, ಅಷ್ಟೇ ಅಂತ."

ಅವನು ನಿಜಕ್ಕೂ ಹೊರಗೆ ಹೋದ. ಜನರ ಮುಂದೆ ನಿಂತು, ತಪ್ಪು ತನ್ನದೆಂದು ಕೈಮುಗಿದ. ಯಾರೋ ತೆಲುಗಿನಲ್ಲಿ ಅವನ ವಂಶವನ್ನೆಲ್ಲ ಜಾಲಾಡಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕಿಟಕಿಯಿಂದ ನೋಡುತ್ತಿದ್ದ ರಂಜಿತಳಿಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಮಾಡೋದೆಲ್ಲ ಮಾಡಿ ಈಗ ಕೈಮುಗಿದರೆ ಬಂತೇ, ಎಂದೇ ಹಲ್ಲು ಕಚ್ಚಿದಳು.

ಸೊಪ್ಪು ನಿಜಕ್ಕೂ ಹದಕ್ಕೆ ಬಂದಿದ್ದವರನ್ನು ವಿಚಾರಿಸಿ ಅವಳು ಹುಳು ಹಂಚಿ ಮುಗಿಸುವಷ್ಟರಲ್ಲಿ ಸಂಘದ ಅಧ್ಯಕ್ಷ ಗಂಗುಲಪ್ಪನವರು ಬಂದರು. ಬಿಳಿ ಪಂಚೆ, ಬಾಯ್ತುಂಬ ಎಲೆ ಅಡಿಕೆ, ಮುಖದಲ್ಲಿ ಸಂತೋಷ ಮುಚ್ಚಿಟ್ಟುಕೊಳ್ಳಲಾಗದ ಗಾಂಭೀರ್ಯ.

"ಮುಂದಿನ ಸಲಾನೂ ಹಿಂಗಾದ್ರೆ ಈ ಡಬ್ಬ ಎತ್ತಿ ಹೊರಗಿಡ್ತೀನಿ ನೋಡಮ್ಮ. ಮೊದಲಿನ ಹಂಗೆ ನಾನೇ ಹೇಳ್ತೀನಿ, ಯಾರಿಗೆ ಯಾವಾಗ ಅಂತ."

ಮೊದಲಿನ ಹಾಗೆ! ಆ ಮಾತಿಗೇ ರಂಜಿತಳ ಮೈ ಉರಿದುಹೋಯಿತು. ಮೊದಲು ಹೇಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲವೇ? ಮೊದಲ ಹುಳು ಗಂಗುಲಪ್ಪನವರ ನೆಂಟರಿಗೆ, ಆಮೇಲೆ ಬಾಯಿ ಜೋರಿರುವವರಿಗೆ. ಮುನಿಯಲ್ಲಮ್ಮನಂಥ ಒಂಟಿ ಹೆಂಗಸರಿಗೆ ಕಟ್ಟಕಡೆಗೆ, ತೋಟದ ಸೊಪ್ಪು ಬಲಿತು ಹುಳು ಮೂಸಿಯೂ ನೋಡದಂತಾದ ಮೇಲೆ. ಅವಳ ಅಪ್ಪ ಸುಬ್ಬರಾಯಪ್ಪನೂ ಎಷ್ಟೋ ಸಲ ಆ ಬಾಗಿಲಲ್ಲಿ ಕಾದು ಕಾದು ಬರಿಗೈಲಿ ಬಂದಿದ್ದ. ಆ ಸಿಟ್ಟಿನಲ್ಲೇ ಅವಳು ಆ ಪ್ರೋಗ್ರಾಮು ಬರೆದದ್ದು. ಅದು ಹೋದರೆ ಅವಳ ಕೆಲಸ ಹೋಗುತ್ತದೆನ್ನುವುದು ದೊಡ್ಡದಲ್ಲ, ಆ ಸರದಿಯೇ ಹೋಗುತ್ತದೆ.

ಮರುದಿನದಿಂದ ವೇಣುಗೋಪಾಲನ ಪಕ್ಕದಲ್ಲಿ ಕೂತು ಕೆಲಸ ಮಾಡುವ ಕರ್ಮ ಅವಳ ಪಾಲಿಗೆ ಬಂತು.

ಹಳೆಯದನ್ನು ವಾಪಸ್ ಹಾಕಿಬಿಡಿ ಎಂದಳು. ಹಾಕಬಹುದು, ಆದರೆ ಇನ್ನು ಮೇಲೆ ಹೊರಗಿನವರು ಒಳನುಗ್ಗುವ ಕಳ್ಳಗಂಡಿ ಮುಚ್ಚುವ ರಿಪೇರಿಗಳೆಲ್ಲ ಬರುವುದು ಹೊಸದಕ್ಕೇ, ಹಳೆಯದನ್ನು ನೋಡಿಕೊಳ್ಳುವವರು ಇರುವುದಿಲ್ಲ ಎಂದು ಅವನು ಮೆತ್ತಗೆ ಹೇಳಿದ. ಅದು ನಿಜವೆಂದು ಅವಳಿಗೂ ಗೊತ್ತಿತ್ತು. ನಿಜವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಸರಿ, ಹೊಸದರಲ್ಲಿ ಏನು ಕೆಟ್ಟಿದೆ ಅಂತಾದ್ರೂ ಗೊತ್ತಾ?"

"ಗೊತ್ತಾಯ್ತು. ಹಳೇದರಲ್ಲಿ ನಾವು ಪರದೆ ಮೇಲೆ ಬರೆದಿದ್ದೆಲ್ಲ ತಾನಾಗೇ ಪ್ರೋಗ್ರಾಮಿನ ಒಳಗೆ ಬರ್ತಿತ್ತು. ಹೊಸದರಲ್ಲಿ ಆ ಬಾಗಿಲು ಮುಚ್ಚಿದ್ದಾರೆ. ಏನು ಬೇಕೋ ಅದನ್ನ ಹೆಸರು ಹಿಡಿದು ಕೇಳಿ ತಗೋಬೇಕು."

ರಂಜಿತ ಅವನ ಕಡೆ ತಿರುಗಿದಳು.

"ಕೇಳಿ ತಗೋಬೇಕು. ಆ ಭಾಷೆಗಿರೋ ಬುದ್ಧಿ ನಿಮಗೆ ಇರಲಿಲ್ಲ ನೋಡಿ."

ಅವನು ತಕ್ಕ ಉತ್ತರ ಕೊಡುತ್ತಾನೆಂದುಕೊಂಡಳು. ಅವನು ನಕ್ಕುಬಿಟ್ಟ. ಅದೂ ಎಂಥ ನಗು... ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ನಗು. ರಂಜಿತ ಬೇಗ ಪರದೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಶುರುವಾಯಿತು ಅವನ ಹೊಸ ಕಾಟ. ಮೌಸ್ ಮುಟ್ಟಲಾ? ಫ್ಯಾನ್ ಹಾಕಲಾ? ಕಿಟಕಿ ತೆರೆಯಲಾ? ಟೀ ತರಲಾ, ಸಕ್ಕರೆ ಎಷ್ಟು? ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತಿದ್ದ. ಅಣಕಿಸುತ್ತಿದ್ದಾನೋ ಎಂದು ಅವನ ಮುಖ ನೋಡಿದರೆ ಅಲ್ಲಿ ಅಣಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ!

ಇಷ್ಟು ವರ್ಷ ಯಾರು ಅವಳನ್ನು ಏನು ಕೇಳಿದ್ದರು? ಕಾಲೇಜು ಬಿಡಿಸುವಾಗ ಕೇಳಲಿಲ್ಲ. ಯಲ್ದೂರಿನ ಅತ್ತೆ ಒಂದು ಗಂಡಿನವರ ಮುಂದೆ ಅವಳನ್ನು ಕೂರಿಸಿದಾಗಲೂ, ಸೀರೆ ಉಡಿಸಿದ ಮೇಲೆಯೇ ವಿಷಯ ಹೇಳಿದ್ದು. ಈ ಸಲ ಹಬ್ಬಕ್ಕೆಂದು ಅವಳನ್ನು ಕರೆಸಿಕೊಂಡಿದ್ದೇ ಅದಕ್ಕೆ. ಆ ಸಂಬಂಧ ಬೇಡವೆಂದು ಜಗಳವಾಡಿ ಬಂದ ಬಿಸಿ ಇನ್ನೂ ಆರಿರಲಿಲ್ಲ.

ಇವನೊಬ್ಬ, ಕಿಟಕಿ ತೆರೆಯೋಕೂ ಕೇಳ್ತಾನಲ್ಲ... ಎಂದು ಒಳಗೊಳಗೇ ಅಂದುಕೊಂಡಳು. ಸಿಟ್ಟು ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತ್ತು.

ಒಂದು ಮಧ್ಯಾಹ್ನ ಅವನ ಬೆರಳು ಪರದೆಯ ಒಂದು ಸಾಲಿನ ಮೇಲೆ ನಿಂತಿತು. ರಂಜಿತ ಬಾಗಿ ನೋಡಿದಳು. ತಾರೀಕು ಖಾಲಿ ಇದ್ದರೆ ಇವತ್ತಿನ ತಾರೀಕು ತಗೋ ಎಂದು ಅವಳೇ ಹಿಂದೊಮ್ಮೆ ಅವಸರದಲ್ಲಿ ಬರೆದ ಸಾಲು ಅದು. ಹೊಸ ವರ್ಷನ್ ತಾರೀಕನ್ನು ಒಳಗೆ ಬಿಡಲಿಲ್ಲ, ಸರಿ. ಆದರೆ ಎಲ್ಲರ ಚೀಟಿಯಲ್ಲೂ ಆ ದಿನವನ್ನೇ ಅಚ್ಚು ಹಾಕಿಸಿದ್ದು ಈ ಸಾಲು. ಅವನ ತಪ್ಪಿನ ಜೊತೆ ಅವಳದೂ ಒಂದು ತಪ್ಪು ಸೇರಿಕೊಂಡಿತ್ತು.

ಅವನು ಸಾಲನ್ನು ಓದಿದ. ಏನೂ ಅನ್ನಲಿಲ್ಲ.

"ಇದನ್ನ ನೀವೇ ತಿದ್ತೀರಾ?" ಎಂದಷ್ಟೇ ಕೇಳಿ, ನೀರು ಕುಡಿಯಲು ಎದ್ದು ಹೋದ.

ತಾರೀಕು ಖಾಲಿಯಿದ್ದರೆ ಚೀಟಿಯನ್ನೇ ಕೊಡಬೇಡ ಎಂದು ಅವಳು ಆ ಸಾಲನ್ನು ತಿದ್ದಿದಳು. ಅವತ್ತು ಮನೆಗೆ ಹೋದ ಮೇಲೂ ಅವನ ಆ ಮೌನ ಅವಳ ಜೊತೆಯಲ್ಲೇ ಇತ್ತು.

ಹೊಸ ಹುಳು ಹಂಚುವ ಹಿಂದಿನ ದಿನ ಕೇಂದ್ರಕ್ಕೆ ಬಂದರೆ ಅವನ ಕುರ್ಚಿ ಖಾಲಿ. ಗಂಗುಲಪ್ಪನವರು ಜಗಲಿಯಲ್ಲಿ ಕೂತಿದ್ದರು. ನಿನ್ನೆ ಸಂಜೆ ಸಂಘದ ಮೀಟಿಂಗು ಆಯಿತಂತೆ, ಆ ಹುಡುಗನೇ ಎದ್ದು ತಪ್ಪು ಎಲ್ಲಿದೆಯೆಂದು ಎಲ್ಲರ ಮುಂದೆ ಬಿಡಿಸಿ ಹೇಳಿದನಂತೆ, ಹೇಳಿ ಕೆಲಸ ಬಿಟ್ಟು ಹೋದನಂತೆ. ಇಷ್ಟು ಹೇಳಿ ಅವಳನ್ನೊಮ್ಮೆ ಅರ್ಥಪೂರ್ಣವಾಗಿ ನೋಡಿ ಎಲೆ ಉಗಿದರು.

ತಪ್ಪು ಎಲ್ಲಿದೆಯೆಂದು... ಆ ಸಾಲು!

ಹಾಗಾದರೆ ಆ ಮೌನವೆಲ್ಲ ನಾಟಕ. ಅವಳ ಮುಂದೆ ಕಿಟಕಿ ತೆರೆಯಲಾ ಎಂದು ಕೇಳಿದವನು ಬೆನ್ನ ಹಿಂದೆ ಅವಳನ್ನು ಊರ ಮುಂದೆ ನಿಲ್ಲಿಸಿ ಹೋಗಿದ್ದ. ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ತನ್ನ ಮೇಲೇ ರೇಗಿದಳು. ಯಾವನೋ ಮುಳಬಾಗಿಲಿನವನು ಹೋದರೆ ತನಗೇನಂತೆ? ಆದರೂ ಆ ಖಾಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಕೆಲಸಕ್ಕೆ ಕೂತಳು.

ಮರುದಿನ ಚೀಟಿಗಳು ಸರಿಯಾಗಿ ಬಂದವು. ಒಬ್ಬೊಬ್ಬರಿಗೆ ಅವರವರ ಸೊಪ್ಪಿಗೆ ತಕ್ಕ ದಿನ. ಗೇಟಿನಲ್ಲಿ ಗಲಾಟೆಯಿಲ್ಲ, ಬೈಗುಳವಿಲ್ಲ. ಗಂಗುಲಪ್ಪನವರು ತುಸು ಹೊತ್ತು ನಿಂತು, ಹುಡುಕಲು ತಪ್ಪು ಸಿಗದೆ ಪಂಚೆ ಕೊಡವಿಕೊಂಡು ಹೊರಟುಹೋದರು. ಗೆದ್ದೆ ಅನ್ನಿಸಬೇಕಾದ ದಿನ ರಂಜಿತಳಿಗೆ ಊಟವೂ ಸೇರಲಿಲ್ಲ.

ಹುಳುವಿನ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾ ಮುನಿಯಲ್ಲಮ್ಮ ಸುತ್ತ ನೋಡಿದಳು. ಅವಳೂ ಸಂಘದ ಸದಸ್ಯೆ.

"ಏಮ್ಮಾ ರಂಜಿತಾ, ಆ ಹುಡುಗ ಎಲ್ಲಿ?"

ಬೆನ್ನಿಗೆ ಚೂರಿ ಹಾಕಿ ಹೋದ ಎಂದಳು ರಂಜಿತ.

ಮುನಿಯಲ್ಲಮ್ಮ ತಟ್ಟೆಯನ್ನು ಕೆಳಗಿಟ್ಟಳು. "ಯಾರು ಹೇಳಿದ್ದು ನಿಂಗೆ? ಗಂಗುಲಪ್ಪನಾ? ನಾನೂ ಅಲ್ಲೇ ಕೂತಿದ್ದೆ ಕಣಮ್ಮ. ಈ ಡಬ್ಬ ನಾಳೆಯಿಂದಲೇ ಬೇಡ ಅಂತ ಗಂಗುಲಪ್ಪ ಹಟ ಹಿಡಿದಿದ್ದ. ಯಾರನ್ನಾದ್ರೂ ಒಬ್ಬರನ್ನ ಹೊರಗೆ ಹಾಕಿದ್ರೇನೇ ಜನ ಸುಮ್ಮನಾಗೋದು ಅಂದ. ಆ ಹುಡುಗ ಎದ್ದು ನಿಂತು, ಪ್ರೋಗ್ರಾಮಲ್ಲಿ ಒಂದು ಚೂರೂ ತಪ್ಪಿಲ್ಲ, ಕೇಳದೆ ಮುಟ್ಟಿದ್ದು ನಾನು, ನನ್ನನ್ನ ಕಳಿಸಿ ಅದನ್ನ ಬಿಡಿ, ಇನ್ಮೇಲೆ ರಂಜಿತ ಅವರನ್ನ ಕೇಳದೆ ಯಾರೂ ಅದನ್ನ ಮುಟ್ಟಬಾರದು ಅಂತ ಎಲ್ಲರ ಕೈಲೂ ಒಪ್ಪಿಸಿ ಹೋದ."

ಒಂದು ಚೂರೂ ತಪ್ಪಿಲ್ಲ... ಆ ಸಾಲನ್ನು ಓದಿದ್ದವನು ಅಂದ ಮಾತು ಅದು.

ರಂಜಿತ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು. ಕಣ್ಣೊರೆಸಿದ ಮರುಗಳಿಗೆಯೇ ಅವಳಿಗೆ ಮತ್ತೆ ಸಿಟ್ಟು ಬಂತು, ಮೊದಲಿನ ಎಲ್ಲ ಸಿಟ್ಟಿಗಿಂತ ಜೋರಾಗಿ. ಕೋಲಾರಕ್ಕೆ ಹೋಗಿ ಮುಳಬಾಗಿಲಿನ ಬಸ್ಸು ಹತ್ತಿದಳು.

ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಎದುರು ಸಾಲಾಗಿರುವ ಅಂಗಡಿಗಳಲ್ಲಿ ಒಂದು, ಅವನು ಮಾತಿನ ನಡುವೆ ಹೇಳಿದ್ದ ರೇಡಿಯೋ ರಿಪೇರಿ ಅಂಗಡಿ. ವೇಣುಗೋಪಾಲ್ ತನ್ನ ಅಣ್ಣನ ಆ ಅಂಗಡಿಯಲ್ಲಿ ಒಂದು ಟೇಪ್‌ರೆಕಾರ್ಡರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ತಲೆಯೆತ್ತಿದರೆ ಬಾಗಿಲಲ್ಲಿ ರಂಜಿತ. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಯಾರನ್ನ ಕೇಳಿ ಕೆಲಸ ಬಿಟ್ರಿ?"

"ರಂಜಿತ ಅವರೇ... ಕೂತ್ಕೊಳ್ಳಿ..."

"ಕೂತ್ಕೊಳ್ಳಲ್ಲ. ಕೇಳದೆ ವರ್ಷನ್ ಬದಲಾಯಿಸಿದ್ರಿ. ಕೇಳದೆ ನನ್ನ ತಪ್ಪು ಹೊತ್ಕೊಂಡ್ರಿ. ಕೇಳದೆ ಹೊರಟೇ ಹೋದ್ರಿ. ಮೌಸ್ ಮುಟ್ಟೋಕೆ ಅಪ್ಪಣೆ ಬೇಕು ನಿಮಗೆ, ಇದಕ್ಕೆಲ್ಲ ಬೇಡ ಅಲ್ವಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನೀವು ಹೋದ್ರೆ ನನಗೆ ಏನಾಗುತ್ತೆ ಅಂತ ಒಂದು ಮಾತು ಕೇಳಬಾರದಿತ್ತಾ?"

ಅವನು ನಿಧಾನವಾಗಿ ಎದ್ದ.

"ಕೇಳೋಕೆ ಧೈರ್ಯ ಇರಲಿಲ್ಲ. ಮೊದಲ ದಿನ ನೀವು ಬೈದ್ರಲ್ಲ, ಅವತ್ತಿಂದಾನೇ ಕೇಳ್ಬೇಕು ಅಂತಿದ್ದಿದ್ದು ಒಂದಿತ್ತು. ಅದು ಬಾಯಿಗೆ ಬರ್ತಿರಲಿಲ್ಲ. ಅದಕ್ಕೇ ಫ್ಯಾನು, ಕಿಟಕಿ, ಟೀ ಅಂತ ಬೇರೇದೆಲ್ಲ ಕೇಳ್ತಿದ್ದೆ."

ಹೊರಗೆ ಬಸ್ಸೊಂದು ಹಾರ್ನ್ ಹಾಕಿತು. ಇಬ್ಬರಿಗೂ ಅದು ಕೇಳಿಸಲಿಲ್ಲ.

"ನಿಮ್ಮಪ್ಪನ್ನ ಬಂದು ಕೇಳ್ಲಾ?" ಎಂದ ಅವನು.

"ನಮ್ಮಪ್ಪನ್ನ ಯಾಕೆ? ಮೊದಲು ನನ್ನನ್ನ ಕೇಳಿ."

ಅವನು ಕೇಳಿದ. ಹೆಸರು ಹಿಡಿದು ಕೇಳಿದ. "ರಂಜಿತ, ನನ್ನನ್ನ ಮದುವೆ ಆಗ್ತೀರಾ?"

ಹುಟ್ಟಿದಾಗಿನಿಂದ ಅವಳನ್ನು ಯಾರೂ ಹೀಗೆ ಕಣ್ಣಲ್ಲಿ ಕಣ್ಣಿಟ್ಟು, ಉತ್ತರಕ್ಕೆ ಹೆದರುತ್ತಾ ಏನನ್ನೂ ಕೇಳಿರಲಿಲ್ಲ. ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳು ಹೂಂ ಎಂದಳು. ಅದು ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೂಂ ಎಂದಳು.

"ಹಾಗಾದ್ರೆ ನಿಮ್ಮನೆಗೆ ಯಾವತ್ತು ಬರ್ಲಿ?"

ರಂಜಿತ ಸೆರಗಿನ ತುದಿ ಸುತ್ತುತ್ತಾ ಸುಮ್ಮನೆ ನಿಂತಳು. ಅವನು ಕಾದ. ಮತ್ತೂ ಕಾದ.

"ತಾರೀಕು ಹೇಳ್ಲೇ ಇಲ್ಲ ನೀವು..."

"ತಾರೀಕು ಖಾಲಿ ಇದ್ರೆ," ಎಂದಳು ಅವಳು, ತಲೆಯೆತ್ತದೆ, "ತಿದ್ದೋಕೆ ಮುಂಚೆ ನನ್ನ ಪ್ರೋಗ್ರಾಮು ಏನು ತಗೊಳ್ತಿತ್ತು?"

ಅವನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಮುಖವೆಲ್ಲ ಆ ಹಳೆಯ ನಗು.

"ಇವತ್ತು."

"ಮತ್ತೆ ಅಂಗಡಿ ಬಾಗಿಲು ಹಾಕಿ. ಐದೂವರೆ ಬಸ್ಸಿದೆ."

"ಹಾಕ್ಲಾ?" ಎಂದ ಅವನು.