ಅಪ್ಪ ಬಿಗಿದ ತಿರುಪು

“ಮಿಸ್ ಪ್ಯಾಲಿಸ್ಟರ್, ನನ್ನ ಬಟ್ಟಲು ಕುರುಡೇನಲ್ಲ,” ಎಂದ ಕ್ಲೆಮ್ ಟ್ರೆಲೋರ್, ಬಾಗಿಲಲ್ಲೇ ನಿಂತು.

“ಕುರುಡು ಅಂತ ನಾನೆಲ್ಲಿ ಅಂದೆ? ಸ್ವಲ್ಪ ಪೊರೆ ಬಂದಿದೆ, ಅಷ್ಟೇ.”

ಎದುರಿನ ಬಿಳಿ ಗೋಡೆಯ ಮೇಲೆ ಅವನ ಬಟ್ಟಲು ಕೂರಿಸಿದ ದೀಪದ ಬೆಳಕು ದುಂಡಗೆ ಬಿದ್ದಿತ್ತು. ಸರಿಯಾಗಿ ನಡುವೆ ಒಂದು ಕಪ್ಪು ಬೊಟ್ಟು. ‘ಆಗದು’ ಎಂದು ಚೀಟಿ ಬರೆದು ಕಟ್ಟಿದೆ. ಆ ತಿಂಗಳಲ್ಲಿ ಅದು ಏಳನೆಯದು.

ಇದು 1936ರ ಮಾತು. ಲಂಡನ್ನಿನ ಸದರ್ಕ್‌ನಲ್ಲಿ, ರೈಲು ಸೇತುವೆಯ ಕಮಾನುಗಳ ಕೆಳಗೆ, ನಾಟಕಶಾಲೆಗಳಿಗೆ ರಂಗದೀಪ ಮಾಡುವ ಕಾರ್ಖಾನೆ ನಮ್ಮದು. ಬಲ್ಬಿನ ಹಿಂದೆ ಕೂತು ಬೆಳಕನ್ನು ಮುಂದಕ್ಕೆ ಕಳಿಸುವ ಬಟ್ಟಲನ್ನು, ಆ ತಿಂಗಳಷ್ಟೇ ಕಾರ್ನ್‌ವಾಲಿನಿಂದ ಬಂದು ಸೇರಿದ್ದ ಕ್ಲೆಮ್ ಕೈಯಾರೆ ಮಾಡುತ್ತಿದ್ದ. ಲೇತಿನ ಮೇಲೆ ಗಿರ್ರನೆ ತಿರುಗುವ ಅಲ್ಯೂಮಿನಿಯಂ ತಗಡಿಗೆ ಉದ್ದ ಹಿಡಿಯ ಮೊಂಡು ಉಳಿಯನ್ನು ಆನಿಸಿ, ಹಿಡಿಯನ್ನು ಕಂಕುಳಲ್ಲಿ ಇರುಕಿ, ಮೈಭಾರವನ್ನೆಲ್ಲ ಹಾಕಿ ಮರದ ಅಚ್ಚಿಗೆ ಒರಗಿಸುತ್ತಿದ್ದ. ತಗಡು ಕುಂಬಾರನ ಮಣ್ಣಿನಂತೆ ಬಾಗಿ ಬರುತ್ತಿತ್ತು.

ದೇವರು ಬೆಳಕು ಮಾಡಿದ, ಅದನ್ನು ದುಂಡಗೆ ಬೀಳಿಸುವ ಚಾಕರಿಯನ್ನಷ್ಟೇ ನಮಗೆ ಬಿಟ್ಟ ಎನ್ನುತ್ತಿದ್ದರು ನನ್ನಪ್ಪ. ಬಟ್ಟಲುಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತವರು. ಅದರ ಹಿಂದಿನ ಚಳಿಗಾಲ ತೀರಿಕೊಂಡಿದ್ದರು. ತೀರಿಕೊಳ್ಳುವ ವಾರ, ಬಲ್ಬು ಕೂರಿಸುವ ಸ್ಟ್ಯಾಂಡಿನ ತಿರುಪನ್ನು ಬಿಗಿದು, ಯಾರೂ ಕದಲಿಸದಿರಲೆಂದು ಮೇಲೆ ಕೆಂಪು ಅರಗು ಸುರಿದು, ಹೆಬ್ಬೆರಳು ಒತ್ತಿ ಹೋಗಿದ್ದರು. ಅವರ ಸ್ಟೂಲು ನನಗೆ ಬಂತು. ಪ್ರತಿ ಬೆಳಿಗ್ಗೆ ಕೆಲಸಕ್ಕೆ ಮೊದಲು ಆ ಗುರುತಿನ ಮೇಲೆ ಬೆರಳಿಟ್ಟು ಒಂದು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದೆ.

ಫೋರ್ಮನ್ ಹಗೆಟ್ ಗುರುವಾರ ಕ್ಲೆಮ್‌ನನ್ನು ಎಲ್ಲರೆದುರು ತಡೆದ. “ಶನಿವಾರದೊಳಗೆ ಒಂದಾದ್ರೂ ಪಾಸಾಗ್ಬೇಕು ಕಣಯ್ಯ. ಇಲ್ಲಾಂದ್ರೆ ಸೋಮವಾರದಿಂದ ಯಂತ್ರದಲ್ಲಿ ಒತ್ತಿದ ಬಟ್ಟಲು ತರಿಸ್ತೀನಿ. ನೀನು ಕಾರ್ನ್‌ವಾಲಿಗೆ ಹೋಗಿ ಮೀನು ಹಿಡಿ.”

“ದೋಣಿ ಹತ್ತಿದ್ರೆ ವಾಂತಿ ಬರುತ್ತೆ ಸಾರ್,” ಎಂದ ಕ್ಲೆಮ್. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸೋಮವಾರದಿಂದ ಆ ಲೇತಿನ ಸದ್ದಿಲ್ಲದ ಕಾರ್ಖಾನೆಯನ್ನು ನೆನೆದೇ ಎದೆ ಖಾಲಿಯಾಯಿತು.

ಮರುದಿನ ಎಂಟನೆಯ ಬಟ್ಟಲು ತಂದ. ಕೂಸಿನಂತೆ ಎತ್ತಿ ಹಿಡಿದು ಅದರೊಳಗೇ ನೋಡುತ್ತಿದ್ದ. ಬೆನ್ನ ಹಿಂದೆ ನಿಂತ ನನ್ನ ಮುಖ ಅದರಲ್ಲಿ ಕಂಡಿರಬೇಕು.

“ಯಾಕ್ರೀ, ನನ್ನ ಕಂಡ್ರೆ ಯಾವಾಗ್ಲೂ ಸಿಡುಕು?”

“ಬಟ್ಟಲಲ್ಲಿ ಎಲ್ಲ ತಲೆಕೆಳಗು ಕಾಣುತ್ತೆ. ನಾನು ನಗ್ತಾ ಇದೀನಿ.”

“ಹಾಗಾದ್ರೆ ತಿರುಗಿ ನೋಡ್ಲಾ?”

“ಬೇಡಪ್ಪ,” ಎಂದೆ. ತಿರುಗಿಯೇಬಿಟ್ಟ. ಬಲ್ಬಿಲ್ಲದೆಯೂ ಮುಖ ಬಿಸಿಯಾಗುವುದೆಂದು ನನಗೆ ಅಂದೇ ತಿಳಿದದ್ದು.

ಅವನು ಹೋದ ಮೇಲೆ ದೀಪ ಹಚ್ಚಿದೆ. ಮತ್ತದೇ ಕಪ್ಪು ಬೊಟ್ಟು. ಚೀಟಿಗೆ ಕೈ ಹಾಕುವಷ್ಟರಲ್ಲಿ ಬಲ್ಬು ಟಪ್ಪೆಂದು ಹೋಯಿತು. ಪೆಟ್ಟಿಗೆಯಲ್ಲಿ ಬೇರೆ ಇರಲಿಲ್ಲ. ಅಪ್ಪನ ಡ್ರಾಯರಿನಲ್ಲಿ ಹಳೆಯ ಬಲ್ಬೊಂದು ಸಿಕ್ಕಿತು, ಹಾಕಿದೆ.

ಗೋಡೆಯ ಮೇಲೆ ಹುಣ್ಣಿಮೆ. ಕಲೆಯೇ ಇಲ್ಲ.

ಹಳೆಯದನ್ನೂ ಸತ್ತ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಹೊಸದರಲ್ಲಿ ಉರಿಯುವ ತಂತಿ ಒಂದು ಗೋಧಿ ಕಾಳಿನಷ್ಟು ಬುಡದ ಕಡೆಗಿತ್ತು; ಮಲಗಿಸಿ ಕೂರಿಸಿದಾಗ ಬಟ್ಟಲಿನೊಳಗೆ ಅಷ್ಟೇ ಹಿಂದೆ ಉಳಿಯುತ್ತಿತ್ತು. ಈ ಹೊಸ ಬಗೆಯ ಬಲ್ಬುಗಳು ಕಾರ್ಖಾನೆಗೆ ಬಂದ ವಾರವೇ ಕ್ಲೆಮ್ ಬಂದಿದ್ದ. ತಪ್ಪು ಹೊಸ ಮನುಷ್ಯನ ತಲೆಗೆ ಬಿದ್ದಿತ್ತು. ಸ್ಟ್ಯಾಂಡನ್ನು ಕಾಳಿನಷ್ಟು ಮುಂದೆ ಸರಿಸಿದರೆ ಆಯಿತು. ಆದರೆ ಅಪ್ಪನ ಬೆರಳು?

ಆ ಗುರುತಿನ ಮೇಲೆ ಬೆರಳಿಟ್ಟೆ. ಸತ್ತವರ ಗುರುತನ್ನು ದೇವರು ತನ್ನಲ್ಲಿ ಇಟ್ಟುಕೊಂಡಿರುತ್ತಾನೆ, ಬದುಕಿರುವವರ ಅನ್ನ ಮಾತ್ರ ನಮ್ಮ ಕೈಯಲ್ಲಿ ಎಂದುಕೊಂಡೆ. ಚಾಕುವಿನಿಂದ ಅರಗು ಕೆರೆದೆ. ತಿರುಪು ಸಡಿಲಿಸಿದೆ. ಸ್ಟ್ಯಾಂಡನ್ನು ಮುಂದೆ ಸರಿಸಿ ಮತ್ತೆ ಬಿಗಿದೆ.

ಶನಿವಾರ ಬೆಳಿಗ್ಗೆ ಹೊಸ ಬಲ್ಬು ತರಿಸಿ, ಹಗೆಟ್‌ನನ್ನೂ ಕ್ಲೆಮ್‌ನನ್ನೂ ಕರೆದು, ಎಂಟು ಬಟ್ಟಲನ್ನೂ ಒಂದೊಂದಾಗಿ ಹಚ್ಚಿ ತೋರಿಸಿದೆ. ಎಂಟಕ್ಕೆ ಎಂಟೂ ಚೊಕ್ಕ.

“ಅಂದ್ರೆ ತಪ್ಪು ನಿಂದಾ?” ಎಂದ ಹಗೆಟ್.

“ನಂದೇ ಸಾರ್. ಅವರದ್ದೇನೂ ಇಲ್ಲ.”

ಅವನು ನನ್ನನ್ನೂ ಬೋಳಾದ ತಿರುಪನ್ನೂ ನೋಡಿದ. ಅಪ್ಪನ ಜೊತೆ ದುಡಿದವನು. “ಚೀಟಿಗಳನ್ನ ಬಿಚ್ಚಮ್ಮ,” ಎಂದಷ್ಟೇ ಹೇಳಿ ಹೊರಟುಹೋದ.

ಕ್ಲೆಮ್ ಕದಲಲಿಲ್ಲ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿಮಗೆ ಗೊತ್ತಿತ್ತು!” ಎಂದೆ.

“ಎರಡನೇ ಬಟ್ಟಲಿಗೇ ಅನುಮಾನ ಬಂತು.”

“ಮತ್ತೆ ಬಾಯಿಗೇನಾಗಿತ್ತು? ಕೆಲಸ ಹೋಗ್ತಿತ್ತಲ್ರೀ!”

“ದಿನಾ ಬೆಳಿಗ್ಗೆ ನೀವು ಆ ಅರಗಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚೋದು ನೋಡಿದೀನಿ. ಅದನ್ನ ಕೆರೆದು ಹಾಕಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಕೆಲಸ ಬೇರೆ ಕಡೆ ಸಿಗುತ್ತೆ.”

ಒಂದೊಂದೇ ಚೀಟಿ ಬಿಚ್ಚುತ್ತ ಹೋದೆ. ಕೊನೆಯದರ ಗಂಟು ಕಗ್ಗಂಟಾಗಿತ್ತು; ಅವನೂ ಬಗ್ಗಿ ಕೈ ಹಾಕಿದ.

“ನಾಳೆ ಚರ್ಚಿನಿಂದ ಬಂದ ಮೇಲೆ ನಮ್ಮಮ್ಮ ಊಟಕ್ಕೆ ಕರೆದಿದಾಳೆ,” ಎಂದೆ ತಲೆ ಎತ್ತದೆ.

“ನಾನು ಯಾರಂತ ಅವರಿಗೆ ಗೊತ್ತಾ?”

“ಇನ್ನೂ ಇಲ್ಲ. ಇವತ್ತು ಹೋಗಿ ಹೇಳ್ಬೇಕು.”

“ಏನಂತ ಹೇಳ್ತೀಯ, ಈನಿಡ್?”

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಅದನ್ನ ನೀನೇ ಬಂದು ಹೇಳು,” ಎಂದೆ.