ಮೊಳಗೋಲ ಮಾಂತ್ರಿಕನೂ ಗಿರಿಯನ ಮೂರು ಊಟವೂ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳದುರ್ಗ ಎಂಬ ರಾಜ್ಯವಿತ್ತು. ಅಲ್ಲಿ ಹೊಳೆದಂಡೆಯಲ್ಲಿ ಹರಿಗೋಲು ನಡೆಸುವ ಭರಮ, ಅವನ ಹೆಂಡತಿ ಸಂಕವ್ವ ವಾಸವಾಗಿದ್ದರು. ಅವರಿಗೊಬ್ಬನೇ ಮಗ, ಗಿರಿಯ. ಹೆಸರೇನೋ ಗಿರಿ, ಆದರೆ ನಾಲ್ಕು ತುಂಬಿದರೂ ಹುಡುಗ ವರ್ಷದ ಕೂಸಿನಷ್ಟೇ ಇದ್ದ. ಕಣ್ಣು ಮಾತ್ರ ನಾಲ್ಕು ವರ್ಷದ ತುಂಟನದು.

ಅರಮನೆಯ ವೈದ್ಯ ನೋಡಿ, ಇದು ಶಾಪವಲ್ಲ, ದೃಷ್ಟಿಯಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ ಎಂದಿದ್ದ. ಇವನ ಮೂಳೆ ಬೆಳೆಯುವ ರೀತಿಯೇ ಹೀಗೆ, ಹೊಟ್ಟೆಗೆ ಹೋದರೆ ಬದುಕುತ್ತಾನೆ ಎಂದಿದ್ದ. ಹೊಟ್ಟೆಗೆ ಹೋಗುವುದೇ ಕಷ್ಟವಾಗಿತ್ತು. ಗಿರಿಯನ ಗಂಟಲಿಗೆ ನುಂಗುವುದು ಒಗ್ಗದು. ಸಂಕವ್ವ ರಾಗಿ ಸರಿಯನ್ನು ಕಾಸಿ, ತೆಳುಬಟ್ಟೆಯಲ್ಲಿ ಸೋಸಿ, ಕೂಸುಗಳಿಗೆ ಹಾಲೆರೆಯುವ ಮೂತಿಯ ಒಳಲೆಯಿಂದ ಹನಿಹನಿಯಾಗಿ ಬಿಡುತ್ತಿದ್ದಳು. ಒಂದು ಹನಿ ಬಿಟ್ಟು ಗಂಟಲು ಸವರಬೇಕು, ನುಂಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು ಹನಿ. ಬೆಳಗಿನ ಊಟ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ದಂಡೆಯ ಹೆಂಗಸರು ಸುಮ್ಮನಿರುವರೇ? ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುತ್ತಿದ್ದರು. ಹನಿಗೂಡಿದರೆ ಹಳ್ಳ ಎಂದುಕೊಂಡು ಸಂಕವ್ವ ಮುಂದಿನ ಹನಿ ಬಿಡುತ್ತಿದ್ದಳು.

ಹೊಳೆಯಾಚೆ ಕರಿಗುಡ್ಡದ ಕೋಟೆಯಲ್ಲಿ ಮೊಳಗೋಲ ಎಂಬ ಮಾಂತ್ರಿಕನಿದ್ದ. ತಾಳೆಮರದಷ್ಟು ಎತ್ತರದ ಆಸಾಮಿ. ಆ ಎತ್ತರ ಅವನದಲ್ಲ, ಕದ್ದದ್ದು. ಮಕ್ಕಳನ್ನು ಒಯ್ದು ಮಾಯದ ಉಂಡೆ ತಿನ್ನಿಸುತ್ತಿದ್ದ. ತಿನ್ನುವುದು ಮಕ್ಕಳು, ಬೆಳೆಯುವುದು ಅವನು. ಆದರೆ ಮಾಯೆಗೂ ಒಂದು ಕಟ್ಟಳೆ ಉಂಟು. ಮಗು ಯಾರ ಕೈಯಲ್ಲಿದೆಯೋ ಅವರೇ ಬಾಯಿಬಿಟ್ಟು 'ಸಾಕು' ಎಂದರೆ ಮಾತ್ರ ಅದು ಅವರ ಕೈತಪ್ಪಿ ಇನ್ನೊಬ್ಬರಿಗೆ ದಕ್ಕುತ್ತಿತ್ತು. ಇದೇನು ಮಹಾ ಕಷ್ಟದ ಕಟ್ಟಳೆ? ಮಕ್ಕಳ ಜೊತೆ ಏಗಿ ಏಗಿ 'ಸಾಕಪ್ಪಾ ಸಾಕು' ಎನ್ನದ ತಾಯಿಯನ್ನು ಯಾರು ಕಂಡಿದ್ದಾರೆ? ಮೊಳಗೋಲನಿಗೆ ಮಕ್ಕಳ ಬರ ಬಂದದ್ದೇ ಇಲ್ಲ.

ಒಂದು ದಿನ ಗಿರಿಯ ಒಳಲೆಯನ್ನು ಕೊನೆಯ ಹನಿಯವರೆಗೂ ಕುಡಿದ. ಸಂಕವ್ವನ ಮುಖ ಅರಳಿತು. ಅಷ್ಟರಲ್ಲಿ ಒಂದು ಕೆಮ್ಮು ಬಂತು, ಬೆಳಗಿನಿಂದ ಕುಡಿಸಿದ್ದೆಲ್ಲ ಅವಳ ಮಡಿಲಿಗೆ ಬಂತು. ಅವಳು ಗೋಡೆಗೆ ಒರಗಿದಳು.

"ಸಾಕಪ್ಪಾ ಸಾಕು. ಇನ್ನ ನನ್ನ ಕೈಲೆ ಆಗೂದಿಲ್ಲ."

ಹೊಳೆಯಾಚೆಯಿಂದ ಒಂದು ಉದ್ದನೆಯ ಕೈ ಬಂತು. ಗಿರಿಯನನ್ನು ಎತ್ತಿಕೊಂಡು ಹೋಯಿತು.

ಸಂಕವ್ವ ಹೊಳೆಗೆ ಓಡಿದಳು. ಅವಳ ಅಳು ಕೇಳಲಾರದೆ ಹೊಳೆಯೇ ಬಾಯಿಬಿಟ್ಟು ಮಾಂತ್ರಿಕನ ಕಟ್ಟಳೆಯನ್ನು ಹೇಳಿತು. ಗಿರಿಯ ಬೆಳೆಯುವುದೇ ಎಳ್ಳಷ್ಟು. ಅದನ್ನೂ ಆ ದುರುಳ ಕದ್ದರೆ ಮಗು ಉಳಿಯುವುದೇ? ಅವಳು ಕಣ್ಣೊರೆಸಿಕೊಂಡಳು, ಒಳಲೆಯನ್ನೂ ರಾಗಿಹಿಟ್ಟಿನ ಗಂಟನ್ನೂ ಸೆರಗಿಗೆ ಕಟ್ಟಿದಳು. ಭರಮ ಹುಟ್ಟು ಹಾಕಿ ಅವಳನ್ನು ಆಚೆದಡಕ್ಕೆ ಮುಟ್ಟಿಸಿದ. ನೀವಿಬ್ಬರೂ ಬರುವ ತನಕ ನಾನು ಇಲ್ಲಿಂದ ಕದಲುವುದಿಲ್ಲ ಎಂದ.

ಕೋಟೆ ಬಾಗಿಲಲ್ಲಿ ಎರಡು ತಲೆಯ ಹುಲಿಯಿತ್ತು. ಒಂದು ತಲೆ ಗದರಿತು, ಇನ್ನೊಂದು ಹಲ್ಲು ಕಿರಿಯಿತು. ಮಗನ ಊಟದ ಹೊತ್ತು ಮೀರುತ್ತಿದೆ, ದಾರಿ ಬಿಡು ಎಂದು ಸಂಕವ್ವ ನಿಲ್ಲದೆ ನಡೆದಳು. ಅಂಥ ಮುಖವನ್ನು ಆ ಹುಲಿ ಅದುವರೆಗೆ ಕಂಡಿರಲಿಲ್ಲ. ಎರಡೂ ತಲೆ ತಗ್ಗಿಸಿತು.

ಒಳಗೆ ಮಾಂತ್ರಿಕ ಸಿಡಿಮಿಡಿಗೊಂಡು ಕೂತಿದ್ದ. ಮಿಕ್ಕ ಮಕ್ಕಳೆಲ್ಲ ಉಂಡೆಗೆ ಮುಗಿಬಿದ್ದರೆ ಗಿರಿಯ ಬಾಯಿ ತೆರೆದಿರಲಿಲ್ಲ. ನೀನೇ ತಿನ್ನಿಸು ಎಂದು ಮಾಂತ್ರಿಕ ಅವಳಿಗೆ ಅಪ್ಪಣೆ ಮಾಡಿದ. ಸಂಕವ್ವ ಒಪ್ಪಲಿಲ್ಲ. ಈಗ ಮಗು ನಿನ್ನ ಕೈಯಲ್ಲಿದೆ, ಸಂಜೆಯೊಳಗೆ ಮೂರು ಊಟ ನೀನೇ ಮಾಡಿಸು ಎಂದಳು. ಮೂರರಲ್ಲಿ ಒಂದನ್ನು ಪೂರ್ತಿ ನುಂಗಿಸಿದರೂ ನಾನು ಸಾಯುವ ತನಕ ನಿನ್ನ ತೊತ್ತು, ನಡುವೆ ನಾನಂದ ಮಾತು ನೀನಂದರೆ ಮಗು ನನ್ನದು ಎಂದು ಪಂದ್ಯ ಕಟ್ಟಿದಳು. ಒಂದು ಗೇಣಿನ ಹುಡುಗನಿಗೆ ನಾನು ಸೋಲುವುದೇ ಎಂದು ಮೊಳಗೋಲ ನಕ್ಕ.

ಮೊದಲನೆಯ ಊಟಕ್ಕೆ ಅವನು ಸಂಕವ್ವ ತಂದ ಹಿಟ್ಟಿನ ಸರಿಯನ್ನು ಸೌಟು ತುಂಬ ಎತ್ತಿ ಗಿರಿಯನ ಬಾಯಿಗೆ ಸುರಿದ. ಮಗುವಿಗೆ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಮಾಂತ್ರಿಕನಿಗೆ ದಾರಿ ತೋರಿಸದೆ ಸುಮ್ಮನಿದ್ದರೆ ಅವಳು ಪಂದ್ಯ ಗೆಲ್ಲಬಹುದಿತ್ತು. ಸಂಕವ್ವನಿಗೆ ಆಗ ಪಂದ್ಯದ ನೆನಪೇ ಇರಲಿಲ್ಲ. ಓಡಿ ಬಂದು ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು. ಉಸಿರು ಬಂತು.

"ನೆಟ್ಟಗ ಕುಂದರಿಸು," ಎಂದಳು. "ಹನಿ ಹನಿ ಬಿಡು. ಗಂಟಲು ಸವರು. ನುಂಗೂ ತನಕ ಕಾಯಿ."

ಗುಟ್ಟನ್ನೆಲ್ಲ ಬಿಟ್ಟುಕೊಟ್ಟು ನನಗೇ ಸಹಾಯ ಮಾಡುತ್ತೀಯಾ ಎಂದು ಮಾಂತ್ರಿಕ ಹಂಗಿಸಿದ. ನಿನಗಲ್ಲ, ಅವನಿಗೆ ಎಂದಳು ಸಂಕವ್ವ. ಮಗುವನ್ನು ಮತ್ತೆ ಆ ತೊಡೆಯ ಮೇಲೆ ತಾನೇ ಕೂರಿಸಿದಳು.

ಎರಡನೆಯ ಊಟಕ್ಕೆ ಮೊಳಗೋಲ ಮಾಯೆಯನ್ನು ನಂಬಿದ. ನೀಲಿ ಆನೆ ಬಂದು ಕುಣಿಯಿತು, ಬೆಳ್ಳಿ ಗಿಳಿ ಹಾಡಿತು. ಗಿರಿಯ ಆನೆಯನ್ನು ನೋಡಿದ, ಗಿಳಿಯನ್ನು ನೋಡಿದ, ಕೇಕೆ ಹಾಕಿ ನಕ್ಕ. ಒಳಲೆ ಹತ್ತಿರ ಬಂದೊಡನೆ ಬಾಯಿ ಬಿಗಿದ. ಕುಣಿದು ಕುಣಿದು ಆನೆಗೇ ಕಾಲುನೋವು ಬಂತು. ಸರಿ ಆರಿ ಕೆನೆಗಟ್ಟಿತು.

ಮೂರನೆಯ ಊಟಕ್ಕೆ ಅವನು ಜಾಣನಾದ. ಮಗುವನ್ನು ನೆಟ್ಟಗೆ ಕೂರಿಸಿ, ಒಳಲೆ ಹಿಡಿದು, ಹನಿ ಬಿಟ್ಟ, ಗಂಟಲು ಸವರಿದ, ಕಾದ. ಹನಿ ಬಿಟ್ಟ, ಸವರಿದ, ಕಾದ. ತೋಳು ಮರಗಟ್ಟಿತು, ಸೊಂಟ ಹಿಡಿಯಿತು, ಬಿಸಿಲು ಗೋಡೆ ಇಳಿಯಿತು. ಒಳಲೆ ಬರಿದಾಗುತ್ತ ಬಂತು. ಸಂಕವ್ವ ತುಟಿ ಕಚ್ಚಿ ನಿಂತಿದ್ದಳು. ಮಗ ಉಂಡರೆ ತಾನು ಸೋತಂತೆ, ಆದರೂ ಪ್ರತಿ ಹನಿಗೂ ಅವಳ ಮನಸ್ಸು ನುಂಗು ಕಂದಾ ಎನ್ನುತ್ತಿತ್ತು. ಗಿರಿಯ ನುಂಗಿರಲಿಲ್ಲ. ಎಲ್ಲವನ್ನೂ ಕೆನ್ನೆಯೊಳಗೆ ಇಟ್ಟುಕೊಂಡಿದ್ದ. ಮಾಂತ್ರಿಕನಿಗೆ ಆಕಳಿಕೆ ಬಂದ ಹೊತ್ತಿಗೆ ಒಂದು ಸೀನು ಬಂತು, ಮೂರನೆಯ ಊಟವೆಲ್ಲ ಅವನ ಗಡ್ಡದ ಮೇಲೆ ಹರಿಯಿತು.

ಮೊಳಗೋಲ ಒಳಲೆಯನ್ನು ಕೆಳಗಿಟ್ಟ.

"ಸಾಕು. ಈ ಮಕ್ಕಳ ಸಹವಾಸನ ಸಾಕು."

ಸಂಕವ್ವ ಎರಡೂ ಕೈ ಚಾಚಿದಳು.

"ಸಾಕು ಅಂದಿಯಲ್ಲ? ಸಾಕ್ತೀನಿ, ಕೊಡು."

ಅವನು ಬೇಸತ್ತು ಅಂದದ್ದನ್ನು ಅವಳು ಅಪ್ಪಣೆಯೆಂದು ಹಿಡಿದಳು. ಕಟ್ಟಳೆ ಅವನದೇ, ಬಾಯಿಯೂ ಅವನದೇ. ಮಕ್ಕಳೆಲ್ಲರನ್ನೂ ಸೇರಿಸಿ ಅಂದಿದ್ದರಿಂದ ಮಾಯೆ ಪೂರ್ತಿ ಕಳಚಿತು. ಕದ್ದ ಬೆಳವಣಿಗೆ ಮಕ್ಕಳಿಗೆ ಮರಳಿತು. ಅವರ ಅಂಗಿಗಳ ಹೊಲಿಗೆ ಬಿಟ್ಟಿತು, ತಾಳೆಮರದಂತಿದ್ದ ಮೊಳಗೋಲ ಇಳಿದು ಇಳಿದು ಮೊಣಕಾಲುದ್ದದ ಮುದುಕನಾದ.

ಸಂಕವ್ವ ಮಗನನ್ನು ನೋಡಿದಳು. ಅವನಿಂದ ಕದಿಯಲು ಮಾಂತ್ರಿಕನಿಗೆ ಏನೂ ಸಿಕ್ಕಿರಲಿಲ್ಲ, ಆದ್ದರಿಂದ ಮರಳುವುದೂ ಏನೂ ಇರಲಿಲ್ಲ. ಗಿರಿಯ ಇದ್ದಷ್ಟೇ ಇದ್ದ. ಒಂದು ಗಳಿಗೆ ಅವಳಿಗೂ ಆಸೆಯಾಗಿತ್ತು, ಸುಳ್ಳೇಕೆ? ಆಮೇಲೆ ಅಲ್ಲೇ ಒಲೆ ಹೂಡಿ, ಸರಿ ಕಾಸಿ, ಸೋಸಿ, ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಮೊದಲ ಹನಿ ಬಿಟ್ಟಳು. ಅವನು ನುಂಗಿದ.

ಭರಮ ಸರಿರಾತ್ರಿಯವರೆಗೂ ಹುಟ್ಟು ಹಾಕಿ ಮಕ್ಕಳನ್ನೆಲ್ಲ ಈಚೆದಡ ಸೇರಿಸಿದ. ಮೊಳಗೋಲನಿಗೆ ರಾಜ ಆಡಿನ ಹಟ್ಟಿ ಗುಡಿಸುವ ಕೆಲಸ ಕೊಟ್ಟ. ಆಡುಗಳು ಅವನಿಗಿಂತ ಎತ್ತರವಿದ್ದವು. ಗಿರಿಯ ತನ್ನ ಲೆಕ್ಕದಲ್ಲಿ, ತನ್ನ ಹೊತ್ತಿಗೆ, ಎಳ್ಳೆಳ್ಳಾಗಿ ಬೆಳೆದ.

ಸಂಕವ್ವನಿಗೆ ದಣಿವು ತಪ್ಪಲಿಲ್ಲ. ಮುಂದೊಂದು ದಿನ ಊಟ ಮತ್ತೆ ಮಡಿಲಿಗೆ ಬಂದಾಗ, 'ಸಾಕಪ್ಪಾ ಸಾಕು' ಎಂಬ ಮಾತು ಮತ್ತೆ ಅವಳ ಬಾಯಿಂದ ಜಾರಿತು. ಆಡಿದ ಮೇಲೆ ಅವಳು ಗಾಬರಿಯಿಂದ ಹೊಳೆಯಾಚೆ ನೋಡಿದಳು. ನೆರೆಮನೆಯ ಪಾರವ್ವ ಬೇಲಿ ದಾಟಿ ಬಂದಳು. ಕೋಟೆಯಿಂದ ಮಗಳು ಮರಳಿದ ದಿನದಿಂದ ಅವಳು ಈ ಮನೆಯ ಜಗಲಿಯಲ್ಲಿ ಕೂತು ಒಳಲೆ ಹಿಡಿಯುವುದನ್ನು ಕಲಿತಿದ್ದಳು. ಗಿರಿಯನನ್ನು ಎತ್ತಿ ತನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಳು.

"ಸಾಕ್ತೀನಿ," ಎಂದಳು. "ನೀ ಒಳಗ ಹೋಗಿ ಒಂದು ರೊಟ್ಟಿ ತಿಂದು ಬಾ."